ಹಳೇ ಹೆವಿ ಮೆಟಲ್ ವಾಪಸ್ ಬಂದಿದೆ, ಹಾಡುವವಳಿಗೆ ಅವಳ ದನಿ ಕೇಳಿಸಲಿ

ಬರ್ನಿಂಗ್ ವಿಚಸ್ ಅನ್ನೋ ಹೆವಿ ಮೆಟಲ್ (ಗಡುಸು, ಅಬ್ಬರದ ರಾಕ್ ಸಂಗೀತ) ಬ್ಯಾಂಡನ್ನು ಇನ್ನೂ ಕೇಳಿಲ್ಲ ಅಂದ್ರೆ ಇವತ್ತೇ ಕೇಳಿ. ಸ್ವಿಟ್ಜರ್ಲೆಂಡಿನಲ್ಲಿ ಗಿಟಾರಿಸ್ಟ್ ರೊಮಾನಾ ಕಾಲ್ಕುಲ್ 2015ರಲ್ಲಿ ಕಟ್ಟಿದ ತಂಡ. ಎಲ್ಲರೂ ಹೆಂಗಸರೇ. 2019ರಿಂದ ನೆದರ್ಲೆಂಡ್ಸಿನ ಲಾರಾ ಗುಲ್ಡೆಮಂಡ್ ಹಾಡುತ್ತಿದ್ದಾರೆ. ಡೊಂಬಿವಲಿ ಫಾಸ್ಟ್ ಲೋಕಲ್‌ನಲ್ಲಿ ಹೆಡ್‌ಫೋನ್ ಹಾಕಿಕೊಂಡರೆ ನಾನು ಮೊದಲು ಹುಡುಕುವುದು ಇವರನ್ನೇ.

ಇದೆಲ್ಲ ಎಂಬತ್ತರ ದಶಕದ ಮೆಟಲ್‌ನ ನಕಲು ಅಂತ ಗೆಳೆಯರು ಹೇಳುತ್ತಾರೆ. ನಾನು ಒಪ್ಪಲ್ಲ. ಆ ಸದ್ದಿನ ಒಳಗೆ ಏನಿದೆ ಅಂತ ಸ್ವಲ್ಪ ಗಮನಿಸಿ. ಬಲಗೈ ಅಂಗೈಯನ್ನು ಗಿಟಾರಿನ ಬ್ರಿಡ್ಜ್ (ತಂತಿ ಕೂರುವ ಪಟ್ಟಿ) ಹತ್ತಿರ ತಂತಿಗಳ ಮೇಲೆ ಒತ್ತಿ, ಒಂದು ಉದ್ದ, ಎರಡು ಗಿಡ್ಡ ಹೊಡೆತ. ಕುದುರೆ ಓಟದ ಹಾಗೆ. ಅದರ ಮೇಲೆ ಎರಡು ಗಿಟಾರ್ ಒಂದೇ ಧಾಟಿಯನ್ನು ಬೇರೆ ಬೇರೆ ಸ್ವರದಲ್ಲಿ ಜೊತೆಜೊತೆಯಾಗಿ ನುಡಿಸುತ್ತವೆ. ಇಷ್ಟೆಲ್ಲ ಯಾಕೆ? ಹಾಡುವವರು ಬಂದು ಕೋರಸ್ ಎತ್ತಿಕೊಳ್ಳಲಿ ಅಂತ. ಲಾರಾ ಕೆಳಗೆ ಗಡುಸು ದನಿಯಲ್ಲಿ ಶುರು ಮಾಡಿ, ಸಾಲಿನ ಕೊನೆಗೆ ಸೀದಾ ಮೇಲಕ್ಕೆ ಕಿರುಚಿಕೊಂಡು ಹೋಗುತ್ತಾರೆ. ಹೋದರೂ ಶ್ರುತಿ ಬಿಡುವುದಿಲ್ಲ. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ಇದು ಹೆಂಗಸರಿಗೆ ಯಾರೋ ಹೊಸದಾಗಿ ಬಿಟ್ಟುಕೊಟ್ಟ ಜಾಗವೂ ಅಲ್ಲ. ಲಂಡನ್ನಿನ ಗರ್ಲ್‌ಸ್ಕೂಲ್ ಅನ್ನೋ ಹೆಂಗಸರ ಬ್ಯಾಂಡ್ 1978ರಲ್ಲೇ ಶುರುವಾಯಿತು. 1981ರಲ್ಲಿ ಮೋಟರ್‌ಹೆಡ್ ಬ್ಯಾಂಡ್ ಜೊತೆ ಸೇರಿ ಅವರು ತಂದ ಇಪಿ (ಕೆಲವೇ ಹಾಡುಗಳ ಚಿಕ್ಕ ರೆಕಾರ್ಡ್) ಬ್ರಿಟನ್ ಚಾರ್ಟಿನಲ್ಲಿ 5ನೇ ಸ್ಥಾನಕ್ಕೆ ಏರಿತು. ಜರ್ಮನಿಯ ಡೋರೋ ಪೆಶ್ ತಮ್ಮ ವಾರ್ಲಾಕ್ ಬ್ಯಾಂಡ್ ಜೊತೆ 1986ರಲ್ಲಿ ಇಂಗ್ಲೆಂಡಿನ ಡಾನಿಂಗ್ಟನ್‌ನ ಮಾನ್‌ಸ್ಟರ್ಸ್ ಆಫ್ ರಾಕ್ ಉತ್ಸವದ ವೇದಿಕೆ ಹತ್ತಿದರು. ಪೋಲೆಂಡಿನ ಕ್ರಿಸ್ಟಲ್ ವೈಪರ್‌ನಲ್ಲಿ ಮಾರ್ಟಾ ಗೇಬ್ರಿಯಲ್ ಎಷ್ಟೋ ವರ್ಷದಿಂದ ಇದೇ ದಾರಿಯಲ್ಲಿದ್ದಾರೆ. ನಡುವೆ ಮೆಟಲ್ ಇನ್ನೂ ವೇಗವಾಯಿತು, ಗಿಟಾರಿನ ಟ್ಯೂನಿಂಗ್ ಕೆಳಗಿಳಿಯಿತು, ಹಾಡುವ ಜಾಗಕ್ಕೆ ಗ್ರೌಲ್, ಅಂದ್ರೆ ಗಂಟಲಿನಿಂದ ಗುರುಗುಟ್ಟುವ ದನಿ, ಬಂತು. ಗ್ರೌಲ್ ನನಗೂ ಇಷ್ಟವೇ. ನಮ್ಮ ಮುಂಬೈಯ ಭಯಾನಕ್ ಮೌತ್ ಬ್ಯಾಂಡ್ ಕೇಳಿಕೊಂಡೇ ಬೆಳೆದವನು ನಾನು. ಆದರೆ ಗಿಗ್ (ಲೈವ್ ಕಾರ್ಯಕ್ರಮ) ಮುಗಿಸಿ ಮನೆಗೆ ಹೋಗುವಾಗ ಗುನುಗಿಕೊಳ್ಳಲು ಒಂದು ರಾಗ ಬೇಕು ಅಲ್ವಾ? 2008ರ ಫೆಬ್ರವರಿಯಲ್ಲಿ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್ ಮೈದಾನದಲ್ಲಿ ಬ್ರಿಟನ್ನಿನ ಐರನ್ ಮೇಡನ್ ಬ್ಯಾಂಡ್ ನುಡಿಸಿದಾಗ ಇಡೀ ಮೈದಾನ ಹಾಡಿತಲ್ಲ, ಅಂಥದ್ದು.

ಈಗ ನಮ್ಮ ಊರಿನ ವಿಷಯ. ಇದನ್ನೇ ಹೇಳಬೇಕು ಅಂತ ಬರೆಯಲು ಕೂತಿದ್ದು.

ನಮ್ಮ ಬಿಲ್ಡಿಂಗಿನಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಮನೆಮಾತು ಕನ್ನಡ. ಶನಿವಾರ ಭಜನೆಯಲ್ಲಿ ಹಾಡುತ್ತಾಳೆ, ಭಾನುವಾರ ಅಂಧೇರಿಯಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಜ್ಯಾಮ್ ರೂಮಿನಲ್ಲಿ ತನ್ನ ಬ್ಯಾಂಡ್ ಜೊತೆ ಹಳೇ ಶೈಲಿಯ ಮೆಟಲ್ ಹಾಡುತ್ತಾಳೆ. ಪ್ರಾಕ್ಟೀಸಿನಲ್ಲಿ ಕೇಳಿದ್ದೇನೆ, ಗಟ್ಟಿ ಕಂಠ. ಆದರೆ ಕಳೆದ ಗಿಗ್‌ನಲ್ಲಿ ಅವಳ ಶ್ರುತಿ ಜಾರಿತು. ಹೊರಗೆ ಬಂದ ಮೇಲೆ ಜನ ಏನಂದರು ಗೊತ್ತಾ? "ಹುಡುಗಿಯರಿಗೆ ಲೈವ್ ಮೆಟಲ್ ಆಗಲ್ಲ."

ನಾನು ವೇದಿಕೆಯ ಪಕ್ಕದಲ್ಲೇ ನಿಂತಿದ್ದೆ. ಹಾಡುವವರಿಗೇ ಕೇಳಿಸಲೆಂದು ಅವಳ ಮುಂದೆ ಇಟ್ಟಿದ್ದ ಮಾನಿಟರ್ ಸ್ಪೀಕರಿನಲ್ಲಿ ಬರುತ್ತಿದ್ದುದು ಬರೀ ಗಿಟಾರ್ ಮತ್ತು ಕಿಕ್ ಡ್ರಮ್. ಅವಳ ದನಿ ಅವಳಿಗೇ ಕೇಳುತ್ತಿರಲಿಲ್ಲ. ಒಂದು ಕಿವಿ ಬೆರಳಿನಿಂದ ಮುಚ್ಚಿಕೊಂಡು ಹಾಡುತ್ತಿದ್ದಳು. ಮೊದಲೆರಡು ಬ್ಯಾಂಡ್ ತಡವಾಗಿ ಬಂದಿದ್ದಕ್ಕೆ ಇವಳ ಸೌಂಡ್‌ಚೆಕ್ (ಶೋಗೆ ಮುಂಚೆ ಸದ್ದು ಸರಿಮಾಡಿಕೊಳ್ಳುವ) ಸಮಯ ಕತ್ತರಿಸಿದ್ದರು. ಗ್ರೌಲ್ ಮಾಡುವವರು ಇಂಥ ಸ್ಥಿತಿಯಲ್ಲೂ ಹೇಗೋ ನಿಭಾಯಿಸುತ್ತಾರೆ, ಯಾಕಂದ್ರೆ ಅವರು ನಿರ್ದಿಷ್ಟ ಸ್ವರ ಹಿಡಿಯಬೇಕಿಲ್ಲ. ಎತ್ತರದ ಸ್ವರ ಹಿಡಿದು ನಿಲ್ಲಬೇಕಾದವಳಿಗೆ ತನ್ನ ದನಿ ಕೇಳದಿದ್ದರೆ ಅವಳು ಇನ್ನೂ ಜೋರಾಗಿ ಕೂಗುತ್ತಾಳೆ. ಗಂಟಲು ಬಿಗಿಯುತ್ತದೆ, ಸ್ವರ ಜಾರುತ್ತದೆ. ತಪ್ಪು ಮಿಕ್ಸಿಂಗಿನದ್ದು, ಅಂದ್ರೆ ಸದ್ದು ಹೊಂದಿಸಿದವರದ್ದು, ಹೆಸರು ಕೆಟ್ಟಿದ್ದು ಅವಳದ್ದು. ಇದು ನನಗೆ ನಿಜವಾಗಿಯೂ ಸಿಟ್ಟು ತರಿಸಿತು.

ನಮ್ಮವರಿಗೆ ಇದು ಗೊತ್ತಿರಲೇಬೇಕಾದ ವಿಷಯ. ಯಕ್ಷಗಾನ ನೋಡಿದವರು ಹೇಳಿ, ಚೆಂಡೆ ಪಕ್ಕದಲ್ಲೇ ಕೂತು ಹಾಡುವುದು ಸುಮ್ನೆ ಮಾತಾ? ರಾಜ್ಯೋತ್ಸವ ಪ್ರಶಸ್ತಿ ಪಡೆದ ಲೀಲಾವತಿ ಬೈಪಾಡಿತ್ತಾಯರು ಮೇಳಗಳಲ್ಲಿ ರಾತ್ರಿಯೆಲ್ಲ ಭಾಗವತಿಕೆ ಮಾಡಿದವರು. ಹೆಂಗಸಿನ ದನಿ ಚೆಂಡೆಗೆ ನಿಲ್ಲಲ್ಲ ಅನ್ನುವ ಮಾತನ್ನು ಹಾಡಿಯೇ ಸುಳ್ಳು ಮಾಡಿದರು. ಆದರೆ ಅಲ್ಲಿ ಶ್ರುತಿ ಭಾಗವತರ ಪಕ್ಕದಲ್ಲೇ ಇರುತ್ತದೆ, ಪದ್ಯ ಹಾಡುವಾಗ ಚೆಂಡೆ ತಗ್ಗುತ್ತದೆ. ಹಿಮ್ಮೇಳದವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

ಧೋಬಿ ತಲಾವಿನ ರಂಗಭವನ ಅನ್ನೋ ಬಯಲು ರಂಗಮಂದಿರ, ಜೋರು ಸದ್ದು ಮಾಡಬಾರದ ಸೈಲೆನ್ಸ್ ಝೋನ್ ನಿಯಮದಿಂದ ಕೈತಪ್ಪಿದ ಮೇಲೆ ಈ ಊರಿನಲ್ಲಿ ಮೆಟಲ್‌ಗೆ ಉಳಿದಿರುವುದು ಹೆಚ್ಚಾಗಿ ಪಬ್‌ಗಳು, ಸಣ್ಣ ಹಾಲ್‌ಗಳು. ಜಾಗ ಚಿಕ್ಕದಾದಷ್ಟೂ ಡ್ರಮ್ ಸದ್ದು ಹಾಡುವವರ ಮೈಕಿನೊಳಗೆ ಜಾಸ್ತಿ ನುಗ್ಗುತ್ತದೆ. ಹಾಗಾಗಿ ಆಯೋಜಕರೇ, ಹಾಡುವವಳಿಗೆ ಅವಳ ದನಿ ಮಾತ್ರ ಬರುವ ಒಂದು ಮಾನಿಟರ್ ಇಡಿ. ಅವಳ ಸೌಂಡ್‌ಚೆಕ್ ಕತ್ತರಿಸಬೇಡಿ. ಗಿಟಾರಿಸ್ಟ್‌ಗಳೇ, ಆಂಪ್ ಸದ್ದು ಒಂಚೂರು ಇಳಿಸಿ, ನಿಮ್ಮ ರಿಫ್ ಎಲ್ಲಿಗೂ ಹೋಗಲ್ಲ.

ಅವಳ ಬ್ಯಾಂಡ್ ಮುಂದಿನ ತಿಂಗಳು ಮತ್ತೆ ನುಡಿಸುತ್ತಿದೆ. ಈ ಸಲ ಸೌಂಡ್ ನೋಡಿಕೊಳ್ಳುವವರ ಹತ್ತಿರ ನಾನೇ ಮೊದಲೇ ಹೋಗಿ ಮಾತಾಡುತ್ತೇನೆ. ಠಾಣೆ, ಕಲ್ಯಾಣ್, ಡೊಂಬಿವಲಿ ಕಡೆಯ ಕನ್ನಡದ ಮೆಟಲ್ ಗೆಳೆಯರು ಬರುವುದಾದರೆ ಕಾಮೆಂಟಿನಲ್ಲಿ ಹೇಳಿ, ಒಟ್ಟಿಗೇ ಹೋಗೋಣ.