ಜಪಾನಿನಲ್ಲಿ ಸದ್ದೇ ಇಲ್ಲವಂತೆ!

ಫ್ಯಾಮಿಲಿ ಗ್ರೂಪಿನಲ್ಲಿ ಮತ್ತೆ ಆ ಮೆಸೇಜು ಬಂದಿದೆ. ಜಪಾನಿನಲ್ಲಿ ಮಕ್ಕಳೇ ಶಾಲೆ ಗುಡಿಸುತ್ತಾರೆ, ರೈಲಿನಲ್ಲಿ ಯಾರೂ ಫೋನಿನಲ್ಲಿ ಮಾತಾಡುವುದಿಲ್ಲ, ಇಡೀ ದೇಶವೇ ಒಂದು ಧ್ಯಾನಮಂದಿರ, ನಾವು ಕಲಿಯುವುದು ಯಾವಾಗ? ಕೆಳಗೆ ಮೂರು ಕೈಮುಗಿದ ಚಿತ್ರ. ಕಳಿಸಿದವರು ಚಿಕ್ಕಪ್ಪ. ನಾನು ಟೋಕಿಯೊದಲ್ಲಿ ಇರುವುದು ಗೊತ್ತಿದ್ದೂ ನನಗೇ ಕಳಿಸುತ್ತಾರೆ, ಏನು ಹೇಳಲಿ.

ಮೊದಲೆರಡು ಸುಳ್ಳಲ್ಲ, ಬಿಡಿ. ಧ್ಯಾನಮಂದಿರದ್ದೇ ತಕರಾರು. ಚಿಕ್ಕಪ್ಪನನ್ನು ಕರೆದುಕೊಂಡು ಬಂದು ನಮ್ಮ ಸ್ಟೇಷನ್ ಎದುರಿನ ಪಚಿಂಕೊ ಅಂಗಡಿಯ ಮುಂದೆ ನಿಲ್ಲಿಸಬೇಕು ಅಂತ ಆಸೆ. ಪಚಿಂಕೊ ಅಂದರೆ ಮೆಷಿನ್ನಿನೊಳಗೆ ಉಕ್ಕಿನ ಗೋಲಿ ಚಿಮ್ಮಿಸಿ ಆಡುವ ಆಟ. ಬಾಗಿಲು ತಾನಾಗಿ ಸರಿಯುತ್ತದೆ, ಸದ್ದು ಮುಖಕ್ಕೆ ಬಡಿಯುತ್ತದೆ. ಸಾವಿರಾರು ಉಕ್ಕಿನ ಗುಂಡುಗಳು, ಒಂದೊಂದೂ 11 ಮಿಲಿಮೀಟರು, ಮೊಳೆಗಳಿಗೆ ತಾಗಿ ತಾಗಿ ಉದುರುತ್ತಿರುತ್ತವೆ, ಅದರ ಮೇಲೆ ಪ್ರತಿ ಮೆಷಿನ್ನೂ ತನ್ನದೇ ಹಾಡು ಹಾಕಿಕೊಂಡಿರುತ್ತದೆ, ಅದರ ಮೇಲೆ ಮೈಕಿನಲ್ಲಿ ಯಾರೋ ಒದರುತ್ತಿರುತ್ತಾರೆ. ಬೆಳಿಗ್ಗೆ ಹತ್ತಕ್ಕೆ ತೆರೆಯುವ ಅಂಗಡಿಗೆ ಅದಕ್ಕೂ ಮುಂಚೆಯೇ ಸಾಲು. ಸಾಲು ಮಾತ್ರ ಬಲು ಅಚ್ಚುಕಟ್ಟು. ನೋಡಿ ಚಿಕ್ಕಪ್ಪ, ಶಿಸ್ತು.

ನನಗೆ ಇಷ್ಟವಾದದ್ದು ಆಟ ಅಲ್ಲ, ಗೆದ್ದ ಮೇಲೆ ನಡೆಯುವ ನಾಟಕ. ಜಪಾನಿನಲ್ಲಿ ಜೂಜು ಅಪರಾಧ, ದಂಡಸಂಹಿತೆಯ 185ನೇ ಕಲಮು. ಕುದುರೆ ರೇಸಿಗೂ ಲಾಟರಿಗೂ ಬೇರೆ ಕಾನೂನು ಮಾಡಿ ವಿನಾಯಿತಿ ಕೊಟ್ಟಿದ್ದಾರೆ. ಪಚಿಂಕೊ ಜೂಜೇ ಅಲ್ಲ, ಸುಮ್ನೆ ಮನರಂಜನೆ. ಆದ್ದರಿಂದ ಅಂಗಡಿಯವರು ದುಡ್ಡು ಕೊಡುವ ಹಾಗಿಲ್ಲ. ನೀವು ಗೆದ್ದ ಗುಂಡುಗಳನ್ನು ಎಣಿಸಿ ಬಹುಮಾನ ಕೊಡುತ್ತಾರೆ. ಚಾಕೊಲೇಟು, ಸಿಗರೇಟು, ಸೋಪಿನ ಪುಡಿ, ಏನು ಬೇಕಾದರೂ ತಗೊಳ್ಳಬಹುದು. ಯಾರಿಗೆ ಬೇಕು ಸೋಪಿನ ಪುಡಿ? ಗೆದ್ದವರು ಕೇಳುವುದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಳಗಿನ ಚಿನ್ನದ ಚೂರನ್ನು. ಅದನ್ನು ಹಿಡಿದು ಹೊರಗೆ ಬಂದು ಪಕ್ಕದ ಓಣಿಗೆ ತಿರುಗಿದರೆ ಗೋಡೆಯಲ್ಲಿ ಒಂದು ಕಿಂಡಿ. ಒಳಗಿನವರ ಮುಖ ಕಾಣುವುದಿಲ್ಲ. ಡಬ್ಬಿ ಇಟ್ಟರೆ ಒಂದು ಕೈ ಬಂದು ಎಳೆದುಕೊಳ್ಳುತ್ತದೆ, ಟ್ರೇ ಮೇಲೆ ಯೆನ್ ನೋಟು ಬರುತ್ತದೆ. ಈ ಕಿಂಡಿ ಅಂಗಡಿಯದ್ದಲ್ಲ, ಬೇರೆಯವರದ್ದು. ಅವರು ಚಿನ್ನವನ್ನು ಮೂರನೆಯವರಿಗೆ ಮಾರುತ್ತಾರೆ, ಮೂರನೆಯವರು ಪಚಿಂಕೊ ಅಂಗಡಿಗೇ ಮಾರುತ್ತಾರೆ. ಮೂವರಿಗೂ ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲ! ಚಿನ್ನ ಸುತ್ತುತ್ತಲೇ ಇರುತ್ತದೆ, ಜೂಜು ಮಾತ್ರ ಯಾರೂ ಆಡಿಲ್ಲ.

ಹಾಸನದ ಕಡೆಯ ಗೆಳೆಯರೊಬ್ಬರು ಒಮ್ಮೆ ಅದೃಷ್ಟ ಕುದುರಿ ಗೆದ್ದರು. ಡಬ್ಬಿ ಕೈಯಲ್ಲಿದೆ, ಕಿಂಡಿ ಎಲ್ಲಿದೆ ಗೊತ್ತಿಲ್ಲ. ಕೌಂಟರಿನ ಹುಡುಗನನ್ನು ಕೇಳಿದರೆ ಅವನು ತಲೆ ವಾಲಿಸಿ, ಹಲ್ಲಿನ ಸಂದಿಯಿಂದ ಉಸಿರೆಳೆದು, "ಅಂಥದ್ದು ನಮಗೆ ಗೊತ್ತಿಲ್ಲ ಸರ್" ಅಂದ. ಇವರು ಬಿಡುವ ಪೈಕಿ ಅಲ್ಲ, ನಿಂತೇ ಇದ್ದರು. ಹುಡುಗ ಅತ್ತಿತ್ತ ನೋಡಿ, "ಯಾಕೋ ಏನೋ, ಎಲ್ಲರೂ ಹೊರಗೆ ಹೋಗಿ ಬಲಕ್ಕೆ ತಿರುಗುತ್ತಾರೆ" ಅಂದು ಬಗ್ಗಿ ನಮಸ್ಕಾರ ಮಾಡಿದ. ಗೆದ್ದ ದುಡ್ಡಿನಲ್ಲಿ ಇವರು ನನಗೆ ಊಟ ಕೊಡಿಸಬೇಕಿತ್ತು. ಇವತ್ತಿಗೂ ಕೊಡಿಸಿಲ್ಲ, ಅದು ಬೇರೆ ಮಾತು.

ಇಷ್ಟೆಲ್ಲ ಇಟ್ಟುಕೊಂಡು 2018ರಲ್ಲಿ ಕ್ಯಾಸಿನೊ ಕಾನೂನು ತರುವಾಗ, ಜನಕ್ಕೆ ಜೂಜಿನ ಚಟ ಹತ್ತಿಬಿಟ್ಟರೆ ಏನು ಗತಿ ಅಂತ ಇಲ್ಲಿ ದೊಡ್ಡ ಚರ್ಚೆ ನಡೆಯಿತು.

ಅಸಲಿಗೆ ನಾನು ಬರೆಯಲು ಕೂತದ್ದು ಇಲ್ಲಿನ ಮನೆಗಳ ಬಗ್ಗೆ. ಒಸಾಕಾದ ಸುಮಿಯೋಶಿಯಲ್ಲಿ ತಡಾವೊ ಆಂಡೊ ಎಂಬ ವಾಸ್ತುಶಿಲ್ಪಿ 1976ರಲ್ಲಿ ಕಟ್ಟಿದ ಒಂದು ಕಾಂಕ್ರೀಟ್ ಮನೆ ಇದೆ. ಬೀದಿಗೆ ಒಂದು ಕಿಟಕಿಯೂ ಇಲ್ಲ. ಮನೆಯ ನಡುಭಾಗವೇ ಬಟಾಬಯಲು. ನಮ್ಮ ತೊಟ್ಟಿ ಮನೆಯಲ್ಲಾದರೆ ಸುತ್ತ ಸೂರಿರುತ್ತದೆ, ಇಲ್ಲಿ ಅದೂ ಇಲ್ಲ. ಮಳೆಗಾಲದ ರಾತ್ರಿ ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗಬೇಕಾದರೆ ಕೊಡೆ ಹಿಡಿಯಬೇಕು. ಅದಕ್ಕೆ ಪ್ರಶಸ್ತಿಯೂ ಬಂತು. ಪ್ರಶಸ್ತಿ ಕೊಟ್ಟವರನ್ನು ಜೂನ್ ತಿಂಗಳಲ್ಲಿ ಒಂದು ವಾರ ಅಲ್ಲೇ ಇರಿಸಬೇಕಿತ್ತು. ಇನ್ನು ಟೋಕಿಯೊದಲ್ಲಿ ಬಹುಪಾಲು ಗೋಡೆ ಗಾಜಿನದೇ ಆದ ಮನೆಯೂ ಇದೆ, ಸೋ ಫುಜಿಮೊಟೊ ಎಂಬ ಇನ್ನೊಬ್ಬ ವಾಸ್ತುಶಿಲ್ಪಿ ಕಟ್ಟಿದ್ದು. ಇವೆಲ್ಲ ಹುಚ್ಚಾಟ ಅನ್ನಬೇಡಿ. ಮರದ ಮನೆಗೆ ಇಲ್ಲಿನ ತೆರಿಗೆ ಲೆಕ್ಕದಲ್ಲಿ 22 ವರ್ಷವೇ ಆಯಸ್ಸು, ಆಮೇಲೆ ಬೆಲೆಯೆಲ್ಲ ಜಾಗಕ್ಕೇ. ಹೇಗೂ ಮುಂದೆ ಕೊಳ್ಳುವವನು ಕೆಡವುತ್ತಾನೆ ಅಂದಮೇಲೆ ಹೇಗೆ ಬೇಕೋ ಹಾಗೆ ಕಟ್ಟಿಕೊಳ್ಳಬಹುದಲ್ವಾ?  ಇನ್ನು ಬಾಟಲಿ ವಿಷಯ.

ಪಕ್ಕದ ಮನೆಯ ಅಜ್ಜಿ ಗೋಡೆಯುದ್ದಕ್ಕೂ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ ಸಾಲಾಗಿ ಇಟ್ಟಿದ್ದಾರೆ, ಬೆಕ್ಕು ಬರದಿರಲಿ ಅಂತ. ನಮ್ಮೂರಲ್ಲಿ ನಾಯಿಗೆ ಹೆದರಿ ಗೇಟಿನ ಮುಂದೆ ನೀಲಿ ನೀರಿನ ಬಾಟಲಿ ಇಡುತ್ತಾರಲ್ಲ, ಅದೇ ವಿದ್ಯೆ, ಬಣ್ಣ ಮಾತ್ರ ಇಲ್ಲ. ಅಜ್ಜಿ ಕಸ ಹಾಕಲು ಬಂದಾಗ ಕೇಳಿದೆ, ಬೆಕ್ಕು ಬರುವುದು ನಿಂತಿತಾ?

"ಇಲ್ಲಪ್ಪ, ದಿನಾ ಬರುತ್ತೆ."

"ಮತ್ಯಾಕೆ ಇಟ್ಟಿದ್ದೀರಿ?"

"ಎದುರು ಮನೆಯವರೂ ಇಟ್ಟಿದ್ದಾರಲ್ಲ."