ವಯಸ್ಸಾದವರ ಹೊಟ್ಟೆಯುಬ್ಬರವೆಲ್ಲ ಗ್ಯಾಸ್ ಅಲ್ಲ

ಗಾಂಧಿಬಜಾರಿನ ಔಷಧಿ ಅಂಗಡಿಯೊಂದರಲ್ಲಿ ಇಂದು ಬೆಳಿಗ್ಗೆ ಒಬ್ಬರು, "ಅಮ್ಮನಿಗೆ ನಿನ್ನೆಯಿಂದ ವಾಂತಿ, ಹೊಟ್ಟೆ ಉಬ್ಬಿಕೊಂಡಿದೆ, ಗ್ಯಾಸಿಗೆ ಏನಾದರೂ ಕೊಡಿ" ಎಂದರು. ಅಂಗಡಿಯವರು ಒಂದು ಪ್ರಶ್ನೆಯನ್ನೂ ಕೇಳದೆ ಸಿರಪ್ಪಿನ ಜೊತೆಗೆ ಭೇದಿ ಮಾಡಿಸುವ ಮಾತ್ರೆಯನ್ನೂ ಕೊಟ್ಟರು. "ಅಮ್ಮನಿಗೆ ಗಾಳಿಯಾದರೂ ಹೋಗುತ್ತಿದೆಯೇ ಸಾರ್?" ಎಂದು ನಾನೇ ಕೇಳಿದೆ. ಇಲ್ಲವಂತೆ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಹೇಳಿ ಕಳಿಸಿದೆನಾದರೂ, ಸರ್ಜಿಕಲ್ ವಾರ್ಡಿನ ನರ್ಸ್ ಆಗಿಯೇ ನಿವೃತ್ತಳಾದ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ವಾಂತಿ, ಉಬ್ಬರದ ಜೊತೆ ಗಾಳಿಯೂ ನಿಂತರೆ ಕರುಳಿನ ದಾರಿ ಕಟ್ಟಿಕೊಂಡಿರಬಹುದು. ಆಗ ಭೇದಿಗೆ ಕೊಟ್ಟರೆ ಕರುಳು ತೂತಾಗುವ ಅಪಾಯವಿದೆ. ಹಳೆಯ ಆಪರೇಷನ್ನಿನ ನಂತರ ಕರುಳು ಒಳಗೆ ಅಂಟಿಕೊಳ್ಳುವುದು, ಹರ್ನಿಯಾ, ಗೆಡ್ಡೆ ಇವು ಸಾಮಾನ್ಯ ಕಾರಣಗಳು. ನನ್ನನ್ನು ಕಾಡುವುದು ಕಣ್ಣಿಗೆ ಬೀಳದ ಅಪರೂಪದ ಕಾರಣಗಳು. ತೀರಾ ಸೊರಗಿದ ವೃದ್ಧೆಯರಲ್ಲಿ ಸೊಂಟದ ಮೂಳೆಯ ಒಂದು ಕಿಂಡಿಯೊಳಗೆ ಕರುಳು ನುಸುಳಿ ಸಿಕ್ಕಿಕೊಳ್ಳುವುದುಂಟು. ಅದಕ್ಕೆ ಆಬ್ಟ್ಯುರೇಟರ್ ಹರ್ನಿಯಾ ಎನ್ನುತ್ತಾರೆ. ಹೊರಗೆ ಗಂಟು ಕಾಣುವುದೇ ಅಪರೂಪ. ಅಲ್ಲಿನ ನರ ಒತ್ತಲ್ಪಟ್ಟಾಗ ತೊಡೆಯ ಒಳಬದಿಯಿಂದ ಮಂಡಿಯವರೆಗೆ ನೋವು ಹರಿಯುತ್ತದೆ, ಮನೆಯವರು ಅದನ್ನು ಮಂಡಿನೋವೆಂದೇ ತಿಳಿಯುತ್ತಾರೆ. ಹಾಗೆ ಬಂದಿದ್ದ ಒಬ್ಬ ಅಜ್ಜಿ ಬಲಗಾಲನ್ನು ಮಡಚಿಕೊಂಡೇ ಮಲಗಿದ್ದರು. ಚಾಚಿ ಎಂದರೆ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು, ಮಂಡಿಯ ತುಂಬ ನೋವಿನ ಮುಲಾಮು ಬಳಿದಿತ್ತು.

ಪಿತ್ತಕೋಶದ ದೊಡ್ಡ ಕಲ್ಲೊಂದು ಅದರ ಗೋಡೆಯನ್ನು ಸವೆಸಿಕೊಂಡು ಕರುಳಿಗಿಳಿದು, ಸಣ್ಣಕರುಳಿನ ಕೊನೆಯ ಇಕ್ಕಟ್ಟಿನಲ್ಲಿ ಸಿಕ್ಕಿಕೊಳ್ಳುವುದೂ ಹೆಚ್ಚಾಗಿ ವಯಸ್ಸಾದ ಹೆಂಗಸರಲ್ಲೇ. ಕಟ್ಟಿಕೊಂಡ ಕರುಳು, ಪಿತ್ತನಾಳದಲ್ಲಿ ಗಾಳಿ, ಜಾಗ ತಪ್ಪಿದ ಕಲ್ಲು, ಈ ಮೂರನ್ನು ಎಕ್ಸ್‌ರೇಯಲ್ಲಿ ಒಟ್ಟಿಗೆ ಗುರುತಿಸಬೇಕೆಂದು ಅಮೆರಿಕದ ಎಕ್ಸ್‌ರೇ ತಜ್ಞ ರಿಗ್ಲರ್ ಮತ್ತು ಸಂಗಡಿಗರು 1941ರಲ್ಲೇ ಬರೆದಿದ್ದಾರೆ. ಇನ್ನು ಹಲ್ಲಿಲ್ಲದವರು, ಅದರಲ್ಲೂ ಹಿಂದೆ ಜಠರದ ಆಪರೇಷನ್ ಆದವರು, ಕಿತ್ತಳೆಯ ತೊಳೆಗಳನ್ನು ಅಗಿಯದೆ ನುಂಗಿದರೆ ನಾರು ಉಂಡೆಗಟ್ಟಿ ದಾರಿ ಮುಚ್ಚುವುದುಂಟು.

ಬಹುಪಾಲು ಹೊಟ್ಟೆಯುಬ್ಬರ ಬರೀ ಮಲಬದ್ಧತೆಯೇ, ಎಲ್ಲರಿಗೂ ಸಿಟಿ ಸ್ಕ್ಯಾನ್ ಮಾಡಿಸಲು ದುಡ್ಡೆಲ್ಲಿದೆ ಎಂದು ನೀವು ಕೇಳಬಹುದು. ಪ್ರತಿ ತೇಗಿಗೂ ಸ್ಕ್ಯಾನ್ ಮಾಡಿಸಿ ಎಂದು ನಾನೆಲ್ಲಿ ಹೇಳಿದೆ? ವಾಂತಿ ನಿಲ್ಲದೆ, ಹೊಟ್ಟೆ ಉಬ್ಬಿ, ಮಲವೂ ಗಾಳಿಯೂ ನಿಂತ ಮೇಲೆ ಅದನ್ನು ಗ್ಯಾಸ್ ಎನ್ನಬೇಡಿ. ರಕ್ತಸಂಚಾರ ನಿಂತು ಕರುಳು ಕೊಳೆತ ಮೇಲೆ ಕೊಯ್ದು ತೆಗೆಯುವ ಖರ್ಚು ಸ್ಕ್ಯಾನಿಗಿಂತ ಕಡಿಮೆಯೇ? ಮನೆಯಲ್ಲಿ ಭೇದಿಗೆ, ಕಷಾಯಕ್ಕೆ ಕೈಹಾಕದೆ ಸರ್ಜನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಪಿತ್ತದ ಕಲ್ಲಿತ್ತೆಂಬುದನ್ನೂ ತೊಡೆಯ ನೋವನ್ನೂ ಅವರು ಕೇಳದಿದ್ದರೂ ನೀವೇ ಹೇಳಿ.