1 ರೂಪಾಯಿ 80 ಪೈಸೆಯ ಪತ್ತೇದಾರ

ತಿಂಗಳಿಗೊಮ್ಮೆ ನಾನು ನಮ್ಮನೆಯ ಆಡಿಟರ್ ಆಗುತ್ತೇನೆ. ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ಬಂದ ರಾತ್ರಿ ಕನ್ನಡಕ ಏರಿಸಿ, ಕೆಂಪು ಪೆನ್ನು ಹಿಡಿದು ಕೂತರೆ ಮಕ್ಕಳು ಟಿವಿ ಸದ್ದನ್ನು ತಾವಾಗೇ ಕಮ್ಮಿ ಮಾಡುತ್ತಾರೆ.

ಈ ಚಟ ಹತ್ತಿದ್ದು ಪೆಟ್ರೋಲಿನಿಂದ. ಸಾವಿರ ರೂಪಾಯಿಗೆ ಹಾಕಿಸಿದ್ದೆ. ಕಾರ್ಡಿನಲ್ಲಿ ಕೊಟ್ಟಿದ್ದಕ್ಕೆ 10 ರೂಪಾಯಿ ಸರ್‌ಚಾರ್ಜ್, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅಂದರೆ 1 ರೂಪಾಯಿ 80 ಪೈಸೆ. ಕೆಳಗಿನ ಸಾಲಲ್ಲಿ ಬ್ಯಾಂಕು ಮನ್ನಾ ಮಾಡಿದ ಆ 10 ರೂಪಾಯಿ ವಾಪಸ್ ಬಂದಿತ್ತು. 1.80 ಬಂದಿರಲಿಲ್ಲ! ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಅರ್ಧ ಗಂಟೆ ಮ್ಯೂಸಿಕ್ ಕೇಳಿದೆ. "ಟ್ಯಾಕ್ಸ್ ವಾಪಸ್ ಬರಲ್ಲ ಸರ್" ಅಂದರು. ಬರದಿದ್ದರೆ ಹೋಗಲಿ, ಹಿಡಿದೆ ಅಲ್ವಾ?

ಈ ಜೂನ್ 26ರಂದು ದೊಡ್ಡ ಬೇಟೆಯೇ ಸಿಕ್ಕಿತು. ಪಿಡಿಎಫ್ ಬಾಗಿಲು ತೆಗೆಯಲು ಹೆಸರಿನ ಮೊದಲ ನಾಲ್ಕು ಅಕ್ಷರ, ಜೊತೆಗೆ ಹುಟ್ಟಿದ ದಿನ, ತಿಂಗಳು. ಎರಡು ಸಲ ತಪ್ಪಿ, ಮೂರನೇ ಸಲಕ್ಕೆ 1406 ಸರಿಯಾಗಿ ಒತ್ತಿದೆ. ಐದನೇ ಸಾಲಿನಲ್ಲೇ ಪೆನ್ನು ನಿಂತಿತು. ಯಾವುದೋ ಹಾಸ್ಪಿಟಾಲಿಟಿ ಪ್ರೈವೇಟ್ ಲಿಮಿಟೆಡ್, 2,846 ರೂಪಾಯಿ. ಈ ಹೆಸರು ನಾನು ಜನ್ಮದಲ್ಲಿ ಕೇಳಿದ್ದಲ್ಲ.

ಎದೆ ಧಸಕ್ಕೆಂದಿತು. ವಂಚನೆಯಾದರೆ ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ಹೇಳಬೇಕು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಸುತ್ತೋಲೆ ಹೊರಡಿಸಿತ್ತು. ಬೆರಳು ಮಡಚಿ ಎಣಿಸಿದೆ. ಆಗಿ ಹನ್ನೆರಡು ದಿನ! ತಕ್ಷಣ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಎಸ್ಸೆಮ್ಮೆಸ್ಸೂ ಬಂದಿತ್ತಂತೆ. ಲೋನ್ ಬೇಕಾ ಎಂಬ ಮೆಸೇಜುಗಳ ನಡುವೆ ಯಾರು ನೋಡ್ತಾರೆ?

"ಕಾರ್ಡ್ ಬ್ಲಾಕ್ ಮಾಡ್ಲಾ ಸರ್?"

"ಮೊದಲು ಮಾಡಮ್ಮಾ!"

ಫೋನಿಟ್ಟು, ಕಳ್ಳನನ್ನೇ ಕಟ್ಟಿಹಾಕಿದವನಂತೆ ಅಡುಗೆಮನೆಗೆ ಹೋಗಿ ವಿಷಯ ಹೇಳಿದೆ. ಇವಳು ಇಡ್ಲಿ ಹಿಟ್ಟು ಕಲಸುತ್ತಿದ್ದಳು.

"ಯಾವ ಡೇಟು?"

"ಜೂನ್ 14."

ಹಿಟ್ಟಿನ ಕೈ ಹಾಗೇ ನಿಂತಿತು. "ರೀ, ಅವತ್ತು ನಿಮ್ಮ ಬರ್ತ್‌ಡೇ ಅಲ್ವಾ? ನಮ್ಮಣ್ಣನ ಮನೆಯವರನ್ನೂ ಕರ್ಕೊಂಡು ಊಟಕ್ಕೆ ಹೋಗಿದ್ವಿ. ನಾನು ಕೊಡ್ತೀನಿ, ನಾನು ಕೊಡ್ತೀನಿ ಅಂತ ಅವನ ಕೈಯಿಂದ ಬಿಲ್ಲು ಕಿತ್ಕೊಂಡ್ರಿ."

ಪರ್ಸ್ ತೆಗೆದು ನೋಡಿದೆ. ಮಡಚಿದ ಬಿಲ್ಲು ಅಲ್ಲೇ ಇತ್ತು. ಹೋಟೆಲಿನ ಬೋರ್ಡಿನ ಮೇಲೆ ದೇವರ ಹೆಸರು, ಬಿಲ್ಲಿನ ತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಆ ಪ್ರೈವೇಟ್ ಲಿಮಿಟೆಡ್. ನನ್ನ ಹೆಸರಲ್ಲೇ ಮೂರು ಬಾದಾಮ್ ಹಲ್ವ.

ಮತ್ತೆ ಫೋನ್ ಮಾಡಿದೆ. "ಬ್ಲಾಕ್ ಆಗಿದ್ದು ಆಗೋಯ್ತು ಸರ್, ಹೊಸ ಕಾರ್ಡೇ ಬರಬೇಕು." ಅದು ಬರುವಷ್ಟರಲ್ಲಿ ಹಳೇ ಕಾರ್ಡ್ ನಂಬಿಕೊಂಡಿದ್ದ ಮೊಬೈಲ್ ಬಿಲ್ಲು, ಮಕ್ಕಳ ಕಾರ್ಟೂನು ಎಲ್ಲ ನಿಂತವು. ಈಗ ಟಿವಿ ಸದ್ದು ಕಮ್ಮಿ ಮಾಡಿ ಅಂತ ಹೇಳುವ ಅಗತ್ಯವೂ ಇರಲಿಲ್ಲ.

ಜುಲೈ ಸ್ಟೇಟ್‌ಮೆಂಟ್ ಬಂತು. ಕಾರ್ಡ್ ಬದಲಿಸಿದ ಶುಲ್ಕ 200, ಜಿಎಸ್‌ಟಿ 36. ಕ್ಯಾಲ್ಕುಲೇಟರ್ ಒತ್ತಿ ನೋಡಿದೆ. ಲೆಕ್ಕ ಸರಿಯಾಗಿತ್ತು. ಕೆಂಪು ಪೆನ್ನಿನಲ್ಲಿ ಟಿಕ್ ಹಾಕಿದೆ.